ಬಿಟ್ಟೆ ಅಂದರೆ ಬಿಡಬೇಕು

ಫೆಬ್ರವರಿ 9

ಪ್ರೀತಿಯ ಅತ್ತಿಗೆ,

ಅಣ್ಣ ಫೋನು ಮಾಡಿ ಮೊದಲು ಹೇಳಿದ್ದು ಕನ್ನಡಿ ಒಡೆಯಿತು ಎಂದು. ಆಮೇಲೆ ಅಂಗಡಿಗೆ ಎರಡು ದಿನ ರಜೆ ಎಂದ. ನಿಮ್ಮ ಬಲಗೈಯ ತೋರುಬೆರಳು, ನಡುಬೆರಳು ಎರಡರ ಟೆಂಡನ್ನೂ ತುಂಡಾಗಿ ಐದು ದಿನದ ಹಿಂದೆ ಆಪರೇಷನ್ ಆಗಿದೆ ಎನ್ನುವುದು ಬಂದದ್ದು ಕಟ್ಟಕಡೆಗೆ, ಅದೂ ನಾನು ಗದರಿಸಿದ ಮೇಲೆ. ಈ ಮನುಷ್ಯನ ಜೊತೆ ಇಪ್ಪತ್ತೆರಡು ವರ್ಷ ಹೇಗೆ ಸಂಸಾರ ಮಾಡಿದಿರೋ.

ಈಗ ಕೇಳಿ. ನಾದಿನಿಯಾಗಿ ಅಲ್ಲ, ಹದಿನೇಳು ವರ್ಷದಿಂದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸಿ ಜನರ ಕೈ ಸರಿಮಾಡಿಕೊಂಡು ಬಂದವಳಾಗಿ ಹೇಳುತ್ತಿದ್ದೇನೆ. ಡಾಕ್ಟರು ಹೊಲಿದಿರುವುದು ಬೆರಳನ್ನು ಮಡಿಸುವ ದಾರವನ್ನು. ಆ ಹೊಲಿಗೆ ಕೂಡಿಕೊಳ್ಳಲು ಆರು ವಾರ ಬೇಕು, ಗಟ್ಟಿಯಾಗಲು ಹನ್ನೆರಡು. ಅಷ್ಟು ದಿನ ಸುಮ್ಮನೆ ಇಟ್ಟುಕೊಂಡರೆ ದಾರ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಕೊರಡಾಗುತ್ತದೆ. ಜಾಸ್ತಿ ಆಡಿಸಿದರೆ ಹೊಲಿಗೆ ಕಿತ್ತುಹೋಗುತ್ತದೆ. ಈ ಎರಡರ ನಡುವಿನ ಸಣ್ಣ ದಾರಿಯೇ ನನ್ನ ಇಡೀ ವಿದ್ಯೆ. ಗಂಟೆಗೊಮ್ಮೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಮೆಲ್ಲಗೆ ಮಡಿಸಿ, ಹತ್ತು ಸಲ. ಪ್ರತಿ ಸಲವೂ ಕೈಗೆ ಕಟ್ಟಿರುವ ಚಿಪ್ಪು, ಆ ಸ್ಪ್ಲಿಂಟು, ತಡೆಯುವವರೆಗೆ ನಿಧಾನವಾಗಿ ನೆಟ್ಟಗೆ ಮಾಡಿ. ಅದು ಬಿಟ್ಟು ಬಲಗೈಯಿಂದ ಏನನ್ನೂ ಹಿಡಿಯಬೇಡಿ. ಲೋಟ, ಬಾಚಣಿಗೆ, ಅಣ್ಣನ ಕಿವಿ, ಯಾವುದನ್ನೂ.

ನಿಮ್ಮ ಊರಿನಲ್ಲಿ ಈ ಕೆಲಸ ಮಾಡುವವರಿಲ್ಲ, ಹೊಲಿದ ಡಾಕ್ಟರೂ ತಿಂಗಳಿಗೊಮ್ಮೆ ಬಂದುಹೋಗುವವರು ಎಂದು ಗೊತ್ತು. ಅದಕ್ಕೇ ನನಗೆ ಕಾಗದ ಬರೆಯಿರಿ. ಫೋನು ಬೇಡ. ನಿಮಗೂ ಫೋನಿಗೂ ಎಣ್ಣೆ ಸೀಗೆಕಾಯಿ. ‘ಚೆನ್ನಾಗಿದ್ದೀನಿ ಕಣೇ, ಇಡ್ತೀನಿ’ ಎನ್ನುವುದರಿಂದ ನನಗೆ ಬೆರಳು ಕಾಣುವುದಿಲ್ಲ. ಈಗ ಎಡಗೈಯಲ್ಲಿ ಗೀಚಿ ಕಳಿಸಿ. ಆರು ವಾರ ಕಳೆದ ಮೇಲೆ ಬಲಗೈಯಲ್ಲಿ, ದಿನಕ್ಕೆರಡು ಸಾಲು. ಬಾಲ್‌ಪೆನ್ನು ಬೇಡ, ಅದನ್ನು ಒತ್ತಿ ಬರೆಯಬೇಕು. ಇಂಕ್ ಪೆನ್ನು ಹಿಡಿಯಿರಿ. ಅಕ್ಷರ ನೋಡಿಯೇ ಬೆರಳು ಹೇಗಿದೆ ಎಂದು ಹೇಳಬಲ್ಲೆ ನಾನು.

ರಜೆ ಸಿಕ್ಕಿದರೆ ಬರುತ್ತೇನೆ. ಇಲ್ಲಿ ರೋಗಿಗಳ ದಂಡು, ಬಿಡುವೇ ಇಲ್ಲ.

ನಿಮ್ಮ ನಾದಿನಿ


ಫೆಬ್ರವರಿ 18

ಗಡಿಬಿಡಿಗೆ,

ಎಡಗೈ ಬರಹ. ಒಂದು ಸಾಲಿಗೆ ಕಾಲು ಗಂಟೆ. ನಗಬೇಡ.

ನಡೆದದ್ದು ಇಷ್ಟು. ಕ್ಷೌರದಂಗಡಿಯವರ ಕನ್ನಡಿ, ಆಳೆತ್ತರದ್ದು. ಅದಕ್ಕೆ ಮರದ ಕಟ್ಟು ಹಾಕಲು ಎತ್ತಿಕೊಂಡು ಬರುತ್ತಿದ್ದೆವು. ಆ ತುದಿ ನಿನ್ನಣ್ಣ, ಈ ತುದಿ ನಾನು. ಗಾಜಿನ ಕೆಲಸಕ್ಕೆ ಒಂದೇ ಕಾನೂನು. ಕೈ ಜಾರಿತೆಂದರೆ ‘ಬಿಟ್ಟೆ’ ಎಂದು ಕೂಗಬೇಕು. ಕೇಳಿದ ಕೂಡಲೇ ಇನ್ನೊಬ್ಬರೂ ಬಿಟ್ಟು ಹಿಂದೆ ಸರಿಯಬೇಕು. ಗಾಜು ಹೋದರೆ ಹೋಗಲಿ. ಅವರು ‘ಬಿಟ್ಟೆ’ ಅಂದರು. ನಾನು ಬಿಡಲಿಲ್ಲ. ಯಾಕೆ ಎಂದು ಕೇಳಬೇಡ. ಬೀಳುವುದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗದು.

ಗಂಟೆಗೊಮ್ಮೆ ಮಡಿಸುತ್ತಿದ್ದೇನೆ. ಕೈ ಸೋತಿದೆ. ಎಡಗೈ.

ಅತ್ತಿಗೆ


ಫೆಬ್ರವರಿ 25

ಪ್ರೀತಿಯ ಅತ್ತಿಗೆ,

ನಕ್ಕೆ. ಕ್ಷಮಿಸಿ. ನಿಮ್ಮ ಅಕ್ಷರ ಸಾಲು ಬಿಟ್ಟು ಬೆಟ್ಟ ಹತ್ತುತ್ತಿದೆ. ಅಂಗಡಿಯ ಬೋರ್ಡು ಬರೆದ ಕೈಯ ಅವಳಿಯೇ ಇದು ಎಂದರೆ ಯಾರೂ ನಂಬುವುದಿಲ್ಲ.

ಬಾವು ಇಳಿದಿದೆಯೇ? ಬೆರಳ ತುದಿಯ ಬಣ್ಣ ಹೇಗಿದೆ? ಮಲಗುವಾಗ ಕೈ ದಿಂಬಿನ ಮೇಲಿರಲಿ. ಸ್ಪ್ಲಿಂಟು ಸ್ನಾನಕ್ಕೂ ಬಿಚ್ಚಬೇಡಿ, ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ತುರಿಸಿದರೆ ಊದಿ. ಇದನ್ನೆಲ್ಲ ಎರಡೆರಡು ಸಲ ಹೇಳುತ್ತಿದ್ದೇನೆ, ಗೊತ್ತು. ಇತ್ತೀಚೆಗೆ ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ. ಊಟದ ಬಿಡುವಿನಲ್ಲಿ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿ ಇಳಿದು ಮಾಡುತ್ತೇನೆ. ನಾನು ಏನೋ ಕಳೆದುಕೊಂಡಿದ್ದೇನೆ ಎಂದುಕೊಂಡು ಕಾವಲುಗಾರ ತಾನೂ ನೆಲ ನೋಡುತ್ತಾ ಹಿಂದೆ ಬರುತ್ತಾನೆ.

ಮಾರ್ಚಿನಲ್ಲಿ ಬರಬೇಕೆಂದಿದ್ದೆ. ತರಬೇತಿಯವರ ಪರೀಕ್ಷೆ ಬಂತು. ಬೇಗ ಬರೆಯಿರಿ.

ನಾದಿನಿ


ಮಾರ್ಚ್ 5

ಗಡಿಬಿಡಿಗೆ,

ಈಗ ಒಂದು ಸಾಲಿಗೆ ಐದು ನಿಮಿಷ. ಪ್ರಗತಿ.

ನಾನು ಅಂಗಡಿಯಲ್ಲಿ ಕೂರುತ್ತೇನೆ. ಕೂರುವುದೇ ಕೆಲಸ. ನಿನ್ನಣ್ಣ ಗಾಜು ಕೊಯ್ಯುವಾಗ ನನ್ನ ಭುಜ ತಾನಾಗಿ ಮುಂದಕ್ಕೆ ಹೋಗುತ್ತದೆ. ಅವರ ಗೆರೆ ಸೊಟ್ಟ. ಇಷ್ಟು ವರ್ಷವೂ ಕೊಯ್ದದ್ದು ನಾನು. ಅವರದು ಅಳತೆ, ಮೊಳೆ, ಗಿರಾಕಿಗಳ ಜೊತೆ ಹರಟೆ. ಕಟರನ್ನು ಒಂದೇ ಒತ್ತಡದಲ್ಲಿ ಎಳೆಯಬೇಕು, ನಡುವೆ ಉಸಿರು ಕೂಡ ಬದಲಿಸಬಾರದು. ಅದು ತೋರುಬೆರಳ ಕೆಲಸ. ಅವರಿಗೆ ಹೇಳಿಕೊಟ್ಟೆ. ನಿನ್ನೆ ನಾಲ್ಕು ಗಾಜು ಒಡೆದು ಹಾಕಿ, ಕೊನೆಗೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಈ ಕೈ ಬರದಿದ್ದರೆ ಅಂಗಡಿಯಲ್ಲಿ ನಾನು ಗೋಡೆಗೆ ಒರಗಿಸಿಟ್ಟ ಖಾಲಿ ಕಟ್ಟು. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ನೀನು ನಿನ್ನ ರೋಗಿಗಳ ಕಥೆ ಬರೆ. ಹೋದ ವರ್ಷ ಕಾಗದಕ್ಕೊಂದು ಕೈ ಇರುತ್ತಿತ್ತು. ಓದಿ ನಗುತ್ತಿದ್ದೆ.

ಅತ್ತಿಗೆ


ಮಾರ್ಚ್ 12

ಪ್ರೀತಿಯ ಅತ್ತಿಗೆ,

ಕಥೆ ಇನ್ನೊಮ್ಮೆ. ಈಗ ಇದನ್ನು ಗಮನವಿಟ್ಟು ಓದಿ. ನಿಮಗೆ ಐದು ವಾರ ತುಂಬಿತು. ನೋವು ಹೋಗಿದೆ, ಗಾಯ ಒಣಗಿದೆ, ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಅದೇ ಅಪಾಯ. ಮೊದಲ ವಾರ ಎಲ್ಲರಿಗೂ ಭಯವಿರುತ್ತದೆ, ಯಾರೂ ತಪ್ಪುವುದಿಲ್ಲ. ತಪ್ಪುವುದೆಲ್ಲ ಈ ವಾರದಲ್ಲೇ. ರೋಗಿಗಳು ಮಾತ್ರ ಅಂತಲ್ಲ.

ಏನೇ ಬೀಳಲಿ, ಬೀಳಲು ಬಿಡಿ. ಚೊಂಬು, ಕಟ್ಟು, ಅಣ್ಣ, ಯಾರು ಬಿದ್ದರೂ ಸರಿ. ಕೈ ಚಾಚಬೇಡಿ.

ನನ್ನ ಮೇಲೆ ಆಣೆ.

ನಾದಿನಿ


ಮಾರ್ಚ್ 23

ಗಡಿಬಿಡಿಗೆ,

ಆರು ವಾರ ಮುಗಿಯಿತು. ಸ್ಪ್ಲಿಂಟು ಬಿಚ್ಚಿಟ್ಟಿದ್ದೇನೆ. ನೀನು ಹೇಳಿದಂತೆ ದಿನವೂ ಬರೆದು ಅಭ್ಯಾಸ ಮಾಡುತ್ತಿದ್ದೇನೆ. ನಿನ್ನಣ್ಣ ಒಂದನೇ ತರಗತಿಯ ಕಾಪಿ ಪುಸ್ತಕ ತಂದುಕೊಟ್ಟರು, ತಾವೇ ದೊಡ್ಡ ಜೋಕು ಮಾಡಿದವರಂತೆ ನಕ್ಕರು.

ಡಾಕ್ಟರು ಬರುವ ದಿನ ಅಂಗಡಿಯಲ್ಲಿ ಕೆಲಸವಿತ್ತು. ಹೋಗಲಾಗಲಿಲ್ಲ. ಮುಂದಿನ ತಿಂಗಳು ನೋಡೋಣ.

ನಿನ್ನ ಕಾಗದ ಬರಲು ಆರು ದಿನ ಹಿಡಿಯಿತು. ಕೆಲವು ಮಾತು ತಡವಾಗಿ ಬರುತ್ತವೆ. ನೀನು ಸರಿಯಾಗಿ ಊಟ ಮಾಡು.

ಅತ್ತಿಗೆ


ಮಾರ್ಚ್ 30

ನನ್ನ ಬಂಗಾರದಂಥ ಅತ್ತಿಗೆ,

ಲಕೋಟೆ ಹರಿಯುತ್ತಲೇ ಮೊದಲು ನೋಡಿದ್ದು ಅಕ್ಷರವನ್ನು. ನಿಮ್ಮ ಬಲಗೈ! ಸಾಲು ನೇರವಾಗಿದೆ, ಕೊಂಬು ದೀರ್ಘ ಎಲ್ಲ ತಮ್ಮ ತಮ್ಮ ಜಾಗದಲ್ಲಿವೆ. ಸ್ವಲ್ಪ ಎಡಕ್ಕೆ ವಾಲಿದೆ, ನಡುಬೆರಳು ಇನ್ನೂ ಬಿಗಿ ಇರಬೇಕು. ಅದಕ್ಕೆ ಬಿಸಿನೀರಿನಲ್ಲಿ ಕೈ ಅದ್ದಿ ಮಡಿಸಿ. ಸಾಲು ಸಾಲಿಗೂ ಮಸಿ ಸವರಿದ್ದೀರಿ. ಒಣಗಲು ಬಿಡಿ. ನನಗೆ ಗಡಿಬಿಡಿ ಎಂದು ಹೆಸರಿಟ್ಟವರು ನೀವು, ಅವಸರ ನೋಡಿದರೆ ನಿಮ್ಮದೇ.

ಅಣ್ಣನಿಗೆ ಫೋನು ಮಾಡಿದೆ. ‘ದಿನಾ ಬರೀತಾಳೆ’ ಎಂದ. ಅವನ ಬಾಯಲ್ಲಿ ಅದು ಭಾಷಣಕ್ಕೆ ಸಮ.

ನಿಮ್ಮ ಫೆಬ್ರವರಿಯ ಕಾಗದವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನಮ್ಮ ಮುಖ್ಯಸ್ಥರಿಗೆ ತೋರಿಸಿದೆ. ಇದು ನಾನು ಬರೇ ಕಾಗದದಲ್ಲಿ ನೋಡಿಕೊಂಡ ಕೈ ಎಂದೆ. ಅವರು ಕನ್ನಡಕ ಏರಿಸಿ ನೋಡಿ, ಚೆನ್ನಾಗಿದೆ ಎಂದರು. ಆ ಒಂದು ಮಾತಿಗೆ ನಾನು ಎಷ್ಟು ಕಾದಿದ್ದೆ ಎಂದು ನಿಮಗೆ ಗೊತ್ತಿಲ್ಲ. ಅವತ್ತು ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡೆ. ತಿಂಗಳುಗಳಾಗಿತ್ತು.

ಮುಂದಿನ ಕಾಗದ ಎರಡು ಪುಟ ಇರಲಿ. ನನಗದು ಬೇಕು, ಅತ್ತಿಗೆ. ನಿಮಗಿಂತ ನನಗೇ ಹೆಚ್ಚು ಬೇಕು.

ನಿಮ್ಮ ನಾದಿನಿ


ಏಪ್ರಿಲ್ 9

ಗಡಿಬಿಡಿಗೆ,

ಎರಡು ಪುಟ ಕೇಳಿದ್ದೀಯ. ಮೂರು ಸಲ ಶುರುಮಾಡಿ ಹರಿದೆ. ಇದು ನಾಲ್ಕನೆಯದು.

ಇಲ್ಲಿ ಎಲ್ಲ ಕ್ಷೇಮ. ಕ್ಷೌರದಂಗಡಿಯವರು ಬೇರೆ ಕನ್ನಡಿ ಕೊಂಡರು. ಅದರ ಮುಂದೆ ಕೂತು ನಿನ್ನಣ್ಣ ಕೂದಲು ಕತ್ತರಿಸಿಕೊಂಡು ಬಂದರು, ಚೆನ್ನಾಗಿಲ್ಲ. ನನಗೆ ಮನೆಯಲ್ಲಿ ಇರಲಾಗುತ್ತಿಲ್ಲ, ಅಂಗಡಿಯಲ್ಲಿ ಕೂರಲಾಗುತ್ತಿಲ್ಲ. ಬೀದಿಯ ಆ ತುದಿಗೆ ಹೋಗಿ ಅಂಚೆ ಡಬ್ಬ ಮುಟ್ಟಿ ವಾಪಸು ಬರುತ್ತೇನೆ. ಕಾಗದ ಹಾಕಲು ಹೋಗಿ ಹಾಕದೆ ಬಂದದ್ದೂ ಇದೆ. ಗಾಜಿನ ಮೇಲಿನ ಧೂಳನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತೇನೆ. ಒರೆಸಿದ್ದನ್ನೇ ಒರೆಸುತ್ತೀಯಲ್ಲ ಎಂದರು ನಿನ್ನಣ್ಣ. ಹೌದಲ್ಲ ಎಂದೆ.

ನಿನ್ನ ಕಾಗದವನ್ನು ಬಹಳ ಸಲ ಓದಿದೆ. ನೀನು ಅಷ್ಟು ಸಂತೋಷಪಟ್ಟದ್ದನ್ನು ಈಚೆಗೆ ನೋಡಿರಲಿಲ್ಲ. ಅಂಥ ಸಂತೋಷವನ್ನು ವಾಪಸು ತೆಗೆದುಕೊಳ್ಳುವುದು ಯಾರಿಗೂ ಕಷ್ಟ.

ಒಂದು ಪ್ರಶ್ನೆ. ನಮ್ಮ ಪಕ್ಕದ ಬಡಗಿಗೂ ಹಿಂದೆ ನನ್ನ ಹಾಗೆಯೇ ಬೆರಳಿನ ದಾರ ಹೊಲಿದಿದ್ದರಂತೆ. ಐದನೇ ವಾರದಲ್ಲಿ ಏನೋ ಹಿಡಿಯಲು ಹೋಗಿ ‘ಟಪ್’ ಎಂದಿತಂತೆ. ನೋವೇನೂ ಆಗಲಿಲ್ಲವಂತೆ. ಆಮೇಲೆ ಬೆರಳು ಮಡಿಸು ಎಂದರೆ ಮಡಿಯುವುದಿಲ್ಲ. ಇನ್ನೊಂದು ಕೈಯಿಂದ ಮಡಿಸಿದರೆ ಮಡಿಯುತ್ತದೆ. ಅದಕ್ಕೆ ಇನ್ನು ದಾರಿ ಇದೆಯೇ? ಅವನು ನಾಚಿಕೆಯ ಸ್ವಭಾವದವನು, ಯಾರನ್ನೂ ಕೇಳಿಲ್ಲ. ಅವನ ಪರವಾಗಿ ಕೇಳುತ್ತಿದ್ದೇನೆ.

ಅತ್ತಿಗೆ


ಏಪ್ರಿಲ್ 16

ಪ್ರೀತಿಯ ಅತ್ತಿಗೆ,

ಅಕ್ಷರ ಮತ್ತಷ್ಟು ಚೆಂದವಾಗಿದೆ. ಬಡಗಿಗೆ ಹೇಳಿ, ಹೊಲಿಗೆ ಕಿತ್ತದ್ದು. ಒಂದೆರಡು ವಾರದೊಳಗೆ ಹೋಗಿದ್ದರೆ ಅಲ್ಲೇ ಮತ್ತೆ ಹೊಲಿಯಬಹುದಿತ್ತು. ತಡವಾದರೆ ದಾರದ ತುದಿಗಳು ಹಿಂದಕ್ಕೆ ಸರಿದುಹೋಗುತ್ತವೆ, ಓಡಾಡುವ ಹಾದಿ ಮುಚ್ಚಿಕೊಳ್ಳುತ್ತದೆ. ಆಗ ಎರಡು ಆಪರೇಷನ್. ಮೊದಲು ಒಂದು ರಬ್ಬರಿನಂಥ ಕಡ್ಡಿ ಇಟ್ಟು ಹಾದಿ ಮಾಡುತ್ತಾರೆ. ಮೂರು ತಿಂಗಳ ಮೇಲೆ ಮುಂಗೈಯಿಂದ ಒಂದು ಟೆಂಡನ್ ತೆಗೆದು ಆ ಹಾದಿಯಲ್ಲಿ ಕೂರಿಸುತ್ತಾರೆ. ದೀರ್ಘ ಕೆಲಸ. ನೂರಕ್ಕೆ ನೂರು ಬರುವುದಿಲ್ಲ, ಆದರೆ ಬರುತ್ತದೆ. ನಾಚಿಕೆಯ ಸ್ವಭಾವ ಎಂದರೆ ಏನರ್ಥ, ಕೈಗಿಂತ ನಾಚಿಕೆ ದೊಡ್ಡದೇ? ಅವನಿಗೆ ನನ್ನ ಹೆಸರಲ್ಲಿ ಎರಡು ಮಾತು ಬಯ್ಯಿರಿ.

ಇಷ್ಟು ಬರೆದು ಲಕೋಟೆ ಅಂಟಿಸಲು ಹೋದೆ. ಕೈ ತಡೆಯಿತು. ನಿಮ್ಮ ಪಕ್ಕದ್ದು ಚಪ್ಪಲಿ ಅಂಗಡಿ. ಇನ್ನೊಂದು ಪಕ್ಕ ಗೋಡೆ.

ನಿಮ್ಮ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದ್ದೇನೆ. ಬಲಗೈ ಬರೆಯುತ್ತಾ ಹೋದಂತೆ ಅದರ ಮುಂದಿರುವುದು ಖಾಲಿ ಕಾಗದ. ಎಡಗೈ ಆದರೆ ಬರೆದದ್ದರ ಮೇಲೆಯೇ ನಡೆದುಹೋಗುತ್ತದೆ, ಹಸಿ ಮಸಿಯನ್ನು ಸವರಿಕೊಂಡು. ಫೆಬ್ರವರಿಯ ಕಾಗದದಲ್ಲಿ ಮಸಿ ಬಲಕ್ಕೆ ಸವರಿದೆ. ಮಾರ್ಚಿನದರಲ್ಲೂ ಬಲಕ್ಕೆ. ಮೊನ್ನೆಯದರಲ್ಲೂ. ಇಂಕ್ ಪೆನ್ನು ಹಿಡಿಯಿರಿ ಎಂದು ಹೇಳಿದವಳು ನಾನು. ಮಸಿ ಸವರಿದ್ದೀರಿ ಎಂದು ಹಾಸ್ಯ ಮಾಡಿದವಳೂ ನಾನು. ಅಕ್ಷರ ನೋಡಿ ಬೆರಳು ಹೇಳುತ್ತೇನೆ ಎಂದವಳ ಕಣ್ಣಿಗೆ ಮಣ್ಣು ಬಿದ್ದಿತ್ತು. ಇದೆಲ್ಲ ಎಡಗೈ. ಎರಡು ತಿಂಗಳು ಪಳಗಿದ ಎಡಗೈ.

ಅತ್ತಿಗೆ, ಯಾವತ್ತು ಕಿತ್ತಿತು?

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಆದರೆ ಬಯ್ಯುವ ಮುಖ ನನಗಿಲ್ಲ. ಡಿಸೆಂಬರಿನಲ್ಲಿ ಒಬ್ಬ ಟೈಲರು ನನ್ನ ಮುಂದೆ ಕೂತಿದ್ದ. ಐದನೇ ವಾರ. ಉಂಗುರದ ಬೆರಳು ಬಿಗಿಯಾಗಿದೆ ಅನ್ನಿಸಿತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ನೆಟ್ಟಗೆ ಮಾಡಿದೆ. ನನ್ನ ಕೈಯೊಳಗೇ ‘ಟಪ್’ ಎಂದಿತು. ಅವನು ನನ್ನ ಮುಖ ನೋಡಿ, ‘ಏನಾಯ್ತು ಮೇಡಂ?’ ಎಂದ. ಏನೂ ಇಲ್ಲ ಎಂದೆ. ಹತ್ತು ನಿಮಿಷ ಕಳೆದ ಮೇಲೆ ಡಾಕ್ಟರಿಗೆ ಹೇಳಿದೆ. ಆ ಹತ್ತು ನಿಮಿಷ ನನಗಿನ್ನೂ ಮುಗಿದಿಲ್ಲ. ವಿಚಾರಣೆ ನಡೆಯುತ್ತಿದೆ. ಅಂದಿನಿಂದ ನನ್ನನ್ನು ಫೈಲುಗಳ ಕೋಣೆಗೆ ಹಾಕಿದ್ದಾರೆ. ರೋಗಿಗಳ ದಂಡು ಇರುವುದು ಗೋಡೆಯಾಚೆ. ಒಂದು, ಎರಡು, ಮೂರು ಎಂದು ಎಣಿಸುವುದು ಕೇಳಿಸುತ್ತದೆ. ನಾನು ಯಾರ ಕೈಯನ್ನೂ ಮುಟ್ಟದೆ ನಾಲ್ಕು ತಿಂಗಳಾಯಿತು.

ನಿಮ್ಮ ಕಾಗದವನ್ನು ನಾನು ಮುಖ್ಯಸ್ಥರಿಗೆ ತೋರಿಸಿದ್ದು ನಿಮಗಾಗಿ ಅಲ್ಲ. ನಾಳೆ ಹೋಗಿ ಅದು ಎಡಗೈ ಎಂದು ಹೇಳಿಬರುತ್ತೇನೆ.

ನಾದಿನಿ


ಏಪ್ರಿಲ್ 24

ಗಡಿಬಿಡಿಗೆ,

ಮಾರ್ಚ್ ಒಂಬತ್ತು. ಬೀಳಲು ಬಿಡಿ ಎಂಬ ನಿನ್ನ ಕಾಗದ ನನ್ನ ಕೈ ಸೇರಿದ್ದು ಹದಿನೆಂಟಕ್ಕೆ.

ಸ್ನಾನಕ್ಕೆ ಹೋಗಿದ್ದೆ. ಆ ಚೀಲ ಕಟ್ಟುವುದು ಒಂದೇ ಕೈಯಲ್ಲಿ ಆಗುವುದಿಲ್ಲ, ದಿನಾ ನಿನ್ನಣ್ಣನನ್ನು ಕರೆಯಲು ಬೇಸರ. ಸ್ಪ್ಲಿಂಟು ಬಿಚ್ಚಿಟ್ಟೆ. ಹೊರಗೆ ಬಂದರೆ ಗೋಡೆಯ ಮೇಲಿನ ನಮ್ಮ ಮದುವೆ ಫೋಟೋದ ಮೊಳೆ ಸಡಿಲವಾಗಿ ಅದು ಓರೆಯಾಗಿತ್ತು. ನೋಡುತ್ತಿದ್ದ ಹಾಗೇ ಜಾರಿತು. ನಾನು ಕಟ್ಟು ಹಾಕಿದ ಮೊದಲ ಫೋಟೋ ಅದು. ಹಿಡಿದೆ. ಫೋಟೋ ಉಳಿಯಿತು. ಅದನ್ನು ಮಂಚದ ಮೇಲಿಟ್ಟು ಬೆರಳು ಮಡಿಸಿ ನೋಡಿದೆ. ತೋರುಬೆರಳು ನನ್ನದಲ್ಲ ಎನ್ನುವ ಹಾಗೆ ಸುಮ್ಮನಿತ್ತು. ನಡುಬೆರಳು ಅರ್ಧಕ್ಕೆ ಬಂದು ನಿಂತಿತು. ಸ್ಪ್ಲಿಂಟು ಮತ್ತೆ ಕಟ್ಟಿಕೊಂಡೆ. ಚಿಪ್ಪಿನೊಳಗೆ ಏನಿದೆ ಎಂದು ಯಾರಿಗೆ ಕಾಣುತ್ತದೆ? ನಿನ್ನಣ್ಣನಿಗೂ ಹೇಳಲಿಲ್ಲ. ಕನ್ನಡಿ ಜಾರಿದ್ದು ತಮ್ಮ ಕೈಯಿಂದ ಎಂದು ಅವರು ಮೊದಲೇ ಅರ್ಧ ಸತ್ತಿದ್ದರು.

ನಾನು ಬಲಗೈ ಎಂದು ಎಲ್ಲೂ ಬರೆದಿರಲಿಲ್ಲ, ನೋಡು. ನೀನು ಹಾಗೆ ತಿಳಿದೆ. ನಾನು ತಿದ್ದಲಿಲ್ಲ. ಮೂರು ಸಲ ಹರಿದೆನಲ್ಲ, ಆ ಮೂರರಲ್ಲೂ ತಿದ್ದಿದ್ದೆ. ಆದರೆ ನೀನು ಊಟ ಮಾಡಿದೆ ಎಂದು ಬರೆದಿದ್ದೆ. ಈ ವರ್ಷ ನಿನ್ನ ಕಾಗದಗಳಲ್ಲಿ ಒಂದೂ ಕೈ ಇಲ್ಲ ಎನ್ನುವುದನ್ನು ನಾನು ಗಮನಿಸಿದ್ದೆ. ಮೊದಲಾದರೆ ಡ್ರೈವರನ ಹೆಬ್ಬೆರಳು, ಅಡುಗೆಯವಳ ಮಣಿಕಟ್ಟು ಎಂದು ಬಾಯಿಗೆ ಬಂದದ್ದೆಲ್ಲ ಬರೆಯುತ್ತಿದ್ದವಳು ನೀನು. ಏನೋ ಆಗಿದೆ, ನನ್ನ ಕೈ ಮೇಲೆ ನಿಂತುಕೊಂಡಿದ್ದಾಳೆ, ಕಾಲ ಕೆಳಗಿನದನ್ನು ಎಳೆಯಬಾರದು ಎಂದುಕೊಂಡೆ. ದಡ್ಡತನ. ಒಪ್ಪುತ್ತೇನೆ.

ನಿನ್ನೆ ನಿನ್ನಣ್ಣನಿಗೆ ಎಲ್ಲ ಹೇಳಿದೆ. ‘ಬಿಟ್ಟೆ ಅಂದರೆ ಬಿಡಬೇಕು ಕಣೇ. ನಿನಗೆ ಎಷ್ಟು ಸಲ ಹೇಳಲಿ’ ಎಂದರು, ಅಳುತ್ತಾ.

ಡಾಕ್ಟರ ಹತ್ತಿರ ಹೋಗುತ್ತೇನೆ. ಕಡ್ಡಿ ಇಡಲಿ, ಮೂರು ತಿಂಗಳು ಕಾಯುತ್ತೇನೆ. ಆದರೆ ಆಮೇಲಿನ ಆ ಸಣ್ಣ ದಾರಿ ನಡೆಸಲು ಕಾಗದ ಸಾಲದು. ನೀನೇ ಬೇಕು. ನಿನ್ನ ಕೈಯಿಂದ ನನ್ನ ಕೈ ಹಿಡಿದು.

ಅತ್ತಿಗೆ


ಏಪ್ರಿಲ್ 30

ಅತ್ತಿಗೆ,

ನನ್ನಿಂದಾಗದು. ಬೇರೆಯವರನ್ನು ಹುಡುಕಿಕೊಡುತ್ತೇನೆ, ನನಗಿಂತ ಒಳ್ಳೆಯವರನ್ನು. ಮತ್ತೆ ಆ ‘ಟಪ್’ ನನ್ನ ಕೈಯಲ್ಲಿ ಕೇಳಿಸಿದರೆ, ಅದೂ ನಿಮ್ಮದು.

ಮುಖ್ಯಸ್ಥರಿಗೆ ಹೇಳಿದೆ. ಅವರು ಎರಡೂ ಕಾಗದ ಮತ್ತೊಮ್ಮೆ ತರಿಸಿ ನೋಡಿ, ‘ನಾನೂ ನೋಡಲಿಲ್ಲವಲ್ಲ’ ಎಂದರು. ಅಷ್ಟೇ ಹೇಳಿದ್ದು.

ನಾದಿನಿ


ಮೇ 8

ಗಡಿಬಿಡಿಗೆ,

ಬೇರೆಯವರು ಬೇಡ. ನನಗೆ ‘ಟಪ್’ ಗೊತ್ತಿರುವವಳು ಬೇಕು.

ಇದಕ್ಕೆ ಉತ್ತರ ಬರೆಯಬೇಡ. ಬಸ್ಸು ಹತ್ತು.

ಅತ್ತಿಗೆ


ನವೆಂಬರ್ 19

ಗಡಿಬಿಡಿಗೆ,

ಆರು ತಿಂಗಳು ನಮ್ಮಿಬ್ಬರಿಗೂ ಕಾಗದದ ಕೆಲಸವೇ ಇರಲಿಲ್ಲ. ನೀನು ನಮ್ಮ ಮನೆಯಲ್ಲಿದ್ದೆ, ಇಲ್ಲವೇ ಬಸ್ಸಿನಲ್ಲಿದ್ದೆ. ನೀನು ಹೊರಟು ಹತ್ತು ದಿನವಾಯಿತು. ಮನೆ ಬಿಕೋ ಎನ್ನುತ್ತಿದೆ. ನಿನ್ನಣ್ಣ ಗಂಟೆಗೊಮ್ಮೆ ಎದ್ದು ಬಂದು ‘ಮಡಿಸಿದ್ಯಾ?’ ಎನ್ನುತ್ತಾರೆ, ನಿನ್ನದೇ ಧಾಟಿಯಲ್ಲಿ. ನಗು ಬರುತ್ತದೆ.

ಕಡ್ಡಿ ತೆಗೆದ ಎರಡನೇ ಆಪರೇಷನ್ ಆದ ಮೇಲಿನ ಮೊದಲ ದಿನ ನೆನಪಿದೆ ನನಗೆ. ನೀನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಾಯಲ್ಲೇ ಹೇಳಿಕೊಡುತ್ತಿದ್ದೆ, ಹೀಗೆ ಮಾಡಿ, ಹಾಗೆ ಮಾಡಿ ಎಂದು. ನಾನು ಕೈಯನ್ನು ತಂದು ನಿನ್ನ ಮಡಿಲಲ್ಲಿ ಇಟ್ಟೆ. ನೀನು ಅದನ್ನು ಎತ್ತಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು. ನಿನ್ನ ಅಂಗೈ ಒದ್ದೆಯಾಗಿತ್ತು. ಐದನೇ ವಾರ ಬಂದಾಗ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ದಿನ ಎಣಿಸಿದೆವು. ಅದು ಕಳೆದ ಬೆಳಿಗ್ಗೆ ನೀನು ಸುಮ್ಮನೆ ಮೆಟ್ಟಿಲು ಹತ್ತಿ ಇಳಿದದ್ದನ್ನು ನಾನು ನೋಡಿದೆ.

ವಿಚಾರಣೆ ಮುಗಿಯಿತು, ಸೋಮವಾರದಿಂದ ಗೋಡೆಯ ಈಚೆಗೆ, ರೋಗಿಗಳ ಬಳಿಗೆ ಬಂದೆ ಎಂದು ಬರೆದಿದ್ದೀಯ. ಟೈಲರನ ಮನೆಗೂ ಹೋಗಿ ಬಂದೆಯಂತೆ. ಅವನು ನಿನ್ನನ್ನು ಒಳಗೆ ಕರೆಯದೆ ಬಾಗಿಲಲ್ಲೇ ಬೆರಳು ಮಡಿಸಿ ತೋರಿಸಿದ ಎಂದೆ. ಅಷ್ಟು ಸಾಕು, ಅವನಿಗೂ ಸಿಟ್ಟಿನ ಹಕ್ಕಿದೆ. ನಿನ್ನ ಕಾಗದದಲ್ಲಿ ಮತ್ತೆ ಕೈಗಳು ಬಂದಿವೆ. ಆ ಪೋಸ್ಟ್‌ಮ್ಯಾನನ ಕಿರುಬೆರಳಿನ ಕಥೆಯನ್ನು ನಿನ್ನಣ್ಣನಿಗೆ ಎರಡು ಸಲ ಓದಿ ಹೇಳಿದೆ.

ನನ್ನ ಬೆರಳು ಮುಕ್ಕಾಲು ಮಡಿಯುತ್ತದೆ. ಪೂರ್ತಿ ಮುಷ್ಟಿ ಆಗುವುದಿಲ್ಲ, ಮುಂದೆಯೂ ಆಗುವುದಿಲ್ಲ ಎಂದೆಯಲ್ಲ, ಗೊತ್ತು. ಕಟರಿನ ಹಿಡಿಗೆ ನೀನು ಸುತ್ತಿಕೊಟ್ಟ ದಪ್ಪ ಪಟ್ಟಿಯಿಂದ ಹಿಡಿತ ಸಿಗುತ್ತಿದೆ. ಮೊನ್ನೆ ಅಂಗೈಯಗಲದ ಗಾಜು ಕೊಯ್ದೆ. ಗೆರೆ ಸೊಟ್ಟ. ನಿನ್ನಣ್ಣನದಕ್ಕಿಂತ ಕಡಿಮೆ ಸೊಟ್ಟ.

ಇನ್ನೊಂದು ಹೇಳಬೇಕು, ಅದಕ್ಕೇ ಈ ಕಾಗದ. ನಿನ್ನೆ ನಾವಿಬ್ಬರೂ ಒಂದು ಗಾಜು ಎತ್ತಿದೆವು, ಚಿಕ್ಕದು, ಕಿಟಕಿಯಷ್ಟು. ಎರಡು ಹೆಜ್ಜೆ ಇಟ್ಟಿದ್ದೆ, ನನ್ನ ಬೆರಳು ಜಾರತೊಡಗಿತು. ಒಂದು ಕ್ಷಣ ಹಳೆಯ ನಾನೇ ಎದ್ದು ಬಂದಳು, ಹಿಡಿ ಎಂದಳು. ನಾನು ‘ಬಿಟ್ಟೆ’ ಎಂದೆ. ಎಂದು ಬಿಟ್ಟೆ. ಹಿಂದೆ ಸರಿದು ನಿಂತು ಅದು ಬೀಳುವುದನ್ನು ನೋಡಿದೆ. ಅಂಗಡಿಯ ತುಂಬ ಚೂರು. ನಿನ್ನಣ್ಣ ಆ ಚೂರುಗಳ ಆಚೆ ನಿಂತು ನನ್ನನ್ನೇ ನೋಡುತ್ತಿದ್ದರು, ನಾನೇನೋ ದೊಡ್ಡ ಬಹುಮಾನ ಗೆದ್ದು ಬಂದ ಹಾಗೆ. ಆಮೇಲೆ ಪೊರಕೆ ತರಲು ಹೋದವರು ಒಳಗೇ ಬಹಳ ಹೊತ್ತು ಇದ್ದರು.

ಇಲ್ಲಿಯವರೆಗೆ ಎಡಗೈ. ಅದರ ಅಕ್ಷರ ಈಗ ಚೆಂದ, ಅದಕ್ಕೆ ಸ್ವಲ್ಪ ಜಂಬವೂ ಬಂದಿದೆ. ಮುಂದಿನದು ಬಲಗೈ.

ಗಡಿಬಿಡಿ, ಕೋಳಿ ಕೆದರಿದ ಹಾಗಿದೆ ನೋಡು. ಒಂದು ಸಾಲಿಗೆ ಕಾಲು ಗಂಟೆ. ಓದಲು ಬರದಿದ್ದರೆ ಫೋನು ಮಾಡು, ಎತ್ತುತ್ತೇನೆ. ಆದರೆ ಮಸಿ ನೋಡಿಕೋ. ಎಲ್ಲೂ ಸವರಿಲ್ಲ.